‘ನಿರ್ಣಯ’ ಬರೆಯುವಾಗ ನಿಂತು ಹೋಗುವ ಪೆನ್ನು

ಆಪ್ತಸಲಹೆಗೆ ನನ್ನ ಬಳಿ ಬಂದ ಒಬ್ಬರನ್ನು ಇಲ್ಲಿ ಶಾರದಕ್ಕ ಅಂತ ಕರೆಯುತ್ತೇನೆ. ಹೆಸರು, ಮನೆ, ಊರಿನ ವಿವರ ಎಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಕಾಸರಗೋಡಿನಿಂದ ಒಳಗೆ, ಬದಿಯಡ್ಕ ದಾಟಿ ಹೋಗುವ ಬಸ್ಸಿನ ದಾರಿಯಲ್ಲಿ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ವಯಸ್ಸು 44. ಒಂದು ಸಣ್ಣ ಸಹಕಾರಿ ಸಂಘದಲ್ಲಿ ಕ್ಲರ್ಕ್. ಗಂಡನಿಗೆ ಅಡಿಕೆ ತೋಟ, ಒಬ್ಬಳು ಮಗಳು ಒಂಬತ್ತನೇ ಕ್ಲಾಸು.

ಬಂದು ಕುಳಿತವರು ಮೊದಲು ಹೇಳಿದ್ದು ಇದು: “ಮೇಡಂ, ನನ್ನ ಕೈಗೆ ಎಂತದೋ ರೋಗ ಬಂದಿದೆ. ಅಕ್ಷರವೇ ಹೋಗಿಬಿಟ್ಟಿದೆ. ಪಾರ್ಕಿನ್ಸನ್ ಇರಬೇಕು. ಮೊಬೈಲಿನಲ್ಲಿ ನೋಡಿದೆ.”

ಜೊತೆಗೆ ಒಂದು ಹಳೆಯ ಫೋಟೋ ತಂದಿದ್ದರು. ಶಾಲೆಯ ಕಪ್ಪು ಹಲಗೆ, ಅದರ ಮೇಲೆ ದಿನದ ಸುಭಾಷಿತ. ಬರೆದದ್ದು ಹತ್ತನೇ ಕ್ಲಾಸಿನ ಶಾರದಕ್ಕ. ದುಂಡಗಿನ ಅಕ್ಷರ, ತಲೆಕಟ್ಟು ಒಂದೇ ನೇರಕ್ಕೆ. ಮೂರು ವರ್ಷ ಆ ಹಲಗೆ ಇವರ ಪಾಲಿಗೇ ಇತ್ತಂತೆ. ವಾರ್ಷಿಕೋತ್ಸವದ ಆಮಂತ್ರಣದ ಮೇಲೆ ಹೆಸರು ಬರೆಯಲಿಕ್ಕೂ ಇವರನ್ನೇ ಕರೆಯುತ್ತಿದ್ದರು. ಊರಿನಲ್ಲಿ ಇವರ ಗುರುತೇ ಅದು, ‘ಅಕ್ಷರ ಚಂದದ ಶಾರದ’.

ಸಂಘಕ್ಕೆ ಕಂಪ್ಯೂಟರ್ ಬಂದ ಮೇಲೆ ಬರೆಯುವ ಕೆಲಸ ಒಂದೊಂದಾಗಿ ಕಳಚಿತು. ಲೆಡ್ಜರ್ ಹೋಯಿತು, ರಸೀದಿ ಪ್ರಿಂಟ್ ಆಯಿತು, ನೋಟೀಸು ವಾಟ್ಸಾಪಿಗೆ ಹೋಯಿತು. ಸುಮಾರು ಹನ್ನೆರಡು ವರ್ಷ ಸಹಿ ಬಿಟ್ಟರೆ ಬೇರೇನೂ ಬರೆಯಲಿಲ್ಲ. ಕೈಯಲ್ಲೇ ಬರೆಯಬೇಕಾಗಿ ಉಳಿದದ್ದು ಆಡಳಿತ ಸಮಿತಿಯ ನಡಾವಳಿ ಪುಸ್ತಕ ಮಾತ್ರ. ಅದನ್ನು ಬರೆಯುತ್ತಿದ್ದ ಹಿರಿಯರು ನಿವೃತ್ತರಾದರು. ಪುಸ್ತಕ ಶಾರದಕ್ಕನ ಕೈಗೆ ಬಂತು.

ಎರಡನೇ ಸಭೆಯಲ್ಲಿ ಒಬ್ಬರು ಹಿಂದಿನ ನಡಾವಳಿ ಓದಲು ಪುಸ್ತಕ ತೆಗೆದರು. ಎರಡು ಸಾಲು ಓದಿ ತಡವರಿಸಿದರು. “ಇದೆಂತ ಮಾರಾಯ್ತಿ, ಕಾಗೆ ಕಾಲು ಗುಬ್ಬಿ ಕಾಲು?” ಅಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಮನೆಗೆ ಬಂದು ಬಾತ್‌ರೂಮಿನಲ್ಲಿ ಅತ್ತರು.

ಆಮೇಲೆ ಪೆನ್ನು ಹಿಡಿಯುವ ಜಾಗವನ್ನೆಲ್ಲ ತಪ್ಪಿಸತೊಡಗಿದರು. ಬ್ಯಾಂಕಿನ ಚಲನ್ ಮಗಳು ತುಂಬಿಸಬೇಕು. ಮದುವೆಗೆ ಹೋದರೆ ಕವರಿನ ಮೇಲೆ ಹೆಸರು ಗಂಡ ಬರೆಯಬೇಕು. ಸಭೆಯ ಹಿಂದಿನ ರಾತ್ರಿ ನಿದ್ದೆ ಇಲ್ಲ. ಪೆನ್ನು ಹಿಡಿದರೆ ಅಂಗೈ ಬೆವರುತ್ತದೆ, ಕೈ ನಡುಗುತ್ತದೆ.

ರೋಗದ ಭಯವನ್ನು ನಾನು ಸುಮ್ನೆ ತಳ್ಳಿಹಾಕಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅಕ್ಷರ ಸಣ್ಣದಾಗುವುದು ನಿಜ. ಬರೆಯುತ್ತಾ ಹೋದ ಹಾಗೆ ಇನ್ನಷ್ಟು ಸಣ್ಣದಾಗಿ, ಒತ್ತೊತ್ತಾಗುತ್ತದೆ. ಕೈ ಸುಮ್ಮನೆ ತೊಡೆಯ ಮೇಲೆ ಇಟ್ಟಿರುವಾಗಲೂ ನಡುಗಬಹುದು. ಇನ್ನೊಂದು ತೊಂದರೆ ಇದೆ, ಬರೆಯುವಾಗ ಮಾತ್ರ ಬೆರಳು ತಾನಾಗಿ ಸೆಟೆದು ಮಡಚಿಕೊಳ್ಳುವುದು. ಅದು ನರಗಳಿಗೆ ಸಂಬಂಧಪಟ್ಟದ್ದು, ಸಲಹೆ ಕೊಟ್ಟು ಗುಣಪಡಿಸುವಂಥದ್ದಲ್ಲ. ಶಾರದಕ್ಕನ ಅಕ್ಷರ ಸಣ್ಣದಾಗಿರಲಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ಒಂದು ಮೇಲೆ, ಒಂದು ಕೆಳಗೆ. ಸಾಲು ಬಲಕ್ಕೆ ಹೋಗುತ್ತಾ ಇಳಿಯುತ್ತಿತ್ತು. ಆದರೂ ಮಂಗಳೂರಿನಲ್ಲಿ ಒಬ್ಬ ನರರೋಗ ವೈದ್ಯರಿಗೆ ತೋರಿಸಿ ಬನ್ನಿ ಅಂದೆ. ತೋರಿಸಿದರು. ಏನೂ ಇಲ್ಲ ಅಂದರು. (ಓದುವವರಿಗೆ ಒಂದು ಮಾತು: ಅಕ್ಷರ ಒಂದೇ ದಿನದಲ್ಲಿ ಇದ್ದಕ್ಕಿದ್ದ ಹಾಗೆ ಕೆಟ್ಟು, ಕೈಗೆ ಶಕ್ತಿ ಇಲ್ಲದಂತಾದರೆ, ಮಾತು ತೊದಲಿದರೆ, ಆಪ್ತಸಲಹೆಗೆ ಬರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.)

ಇನ್ನು ನನ್ನ ತಪ್ಪಿನ ವಿಷಯ. ಮುಂದಿನ ಭೇಟಿಯಲ್ಲಿ ನಾನು ಅವರಿಗೆ ಕಾಪಿ ಪುಸ್ತಕ ತರಲು ಹೇಳಿದೆ. ಎರಡು ಗೆರೆಯದು. ದಿನಕ್ಕೆ ಒಂದು ಪುಟ, ಅ ಆ ಇ ಈ. ರೂಢಿ ತಪ್ಪಿದೆ, ರೂಢಿ ಮಾಡಿದರೆ ಸರಿಹೋಗುತ್ತದೆ ಎಂಬ ಸುಲಭದ ಲೆಕ್ಕ. ಮೂರು ವಾರ ಅವರ ಪತ್ತೆ ಇಲ್ಲ. ಆಮೇಲೆ ಬಂದವರು ಪುಸ್ತಕವನ್ನು ಮೇಜಿನ ಮೇಲಿಟ್ಟು, “ನಾನು ಒಂದನೇ ಕ್ಲಾಸಿನ ಮಗುವಾ ಮೇಡಂ? ಮಗಳು ನೋಡಿ ನಗಾಡಿದಳು” ಅಂದರು. ಒಳಗೆ ಅ ಆ ಇ ಈ ಮುತ್ತು ಪೋಣಿಸಿದ ಹಾಗೆ ಇತ್ತು!

ಆಗ ನನಗೆ ಬುದ್ಧಿ ಬಂತು. ಒಬ್ಬರೇ ಇದ್ದಾಗ, ಒಂಟಿ ಅಕ್ಷರ ಬರೆಯುವಾಗ, ಈ ಕೈಗೆ ಏನೂ ಆಗಿಲ್ಲ. ಹಾಗಾದರೆ ಎಲ್ಲಿ ಎಡವುತ್ತಿದೆ?

ನಡಾವಳಿ ಪುಸ್ತಕದ ಎರಡು ಪುಟದ ಫೋಟೋ ತೆಗೆದು ತನ್ನಿ, ಹೆಸರು, ಹಣದ ವಿವರ ಮುಚ್ಚಿ ತನ್ನಿ ಅಂದೆ. ತಂದರು. ಇಬ್ಬರೂ ಪೆನ್ಸಿಲ್ ಹಿಡಿದು, ಅಕ್ಷರ ಕೆಟ್ಟ ಜಾಗಕ್ಕೆಲ್ಲ ಸುತ್ತು ಹಾಕಿದೆವು. ನಿರ್ಣಯ. ಕಾರ್ಯದರ್ಶಿ. ಸರ್ವಾನುಮತ. ಅರ್ಜಿ. ಖರ್ಚು. ವರ್ಷ. ಶಾರದಕ್ಕನೇ ಮೊದಲು ಕಂಡುಹಿಡಿದದ್ದು: “ಎಲ್ಲದರಲ್ಲೂ ಅರ್ಕಾವತ್ತು ಉಂಟಲ್ಲ ಮೇಡಂ!”

ಇದು ನಾನು ಯಾವ ತರಬೇತಿಯಲ್ಲೂ ಕಲಿತದ್ದಲ್ಲ. ಕೈಯಲ್ಲಿ ‘ನಿರ್ಣಯ’ ಬರೆಯುವಾಗ ನಾವು ನಿ ಬರೆಯುತ್ತೇವೆ, ಆಮೇಲೆ ಣ, ಆಮೇಲೆ ಅರ್ಕಾವತ್ತು, ಕೊನೆಗೆ ಯ. ಬಾಯಿಗೆ ರ್ ಮೊದಲು, ಕೈಗೆ ಣ ಮೊದಲು. ಟೈಪ್ ಮಾಡುವಾಗ ಹಾಗಲ್ಲ. ನುಡಿದ ಕ್ರಮದಲ್ಲೇ ಒತ್ತಬೇಕು, ರ್ ಮೊದಲು, ಆಮೇಲೆ ಣ. ಅರ್ಕಾವತ್ತನ್ನು ಎತ್ತಿ ಹಿಂದೆ ಇಡುವ ಕೆಲಸ ಯಂತ್ರದ್ದು. ಹನ್ನೆರಡು ವರ್ಷ ಯಂತ್ರವೇ ಅದನ್ನು ಮಾಡಿಕೊಟ್ಟಿತು. ಸಾಲದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಆಫೀಸಿನಲ್ಲಿ ಕೂತವರ ಕೈಗೆ ಮಲಯಾಳವೂ ಬರಬೇಕು. ಈಗಿನ ಮಲಯಾಳದಲ್ಲಿ ‘ನಿರ್ಣಯಂ’ ಬರೆದರೆ ರ್ ತನ್ನ ಜಾಗದಲ್ಲೇ, ಣ ಕ್ಕಿಂತ ಮೊದಲೇ ನಿಲ್ಲುತ್ತದೆ. ಟೈಪ್‌ರೈಟರಿಗೆ, ಅಚ್ಚಿಗೆ ಸುಲಭವಾಗಲಿ ಅಂತ 1971ರಲ್ಲಿ ಅವರ ಲಿಪಿಯನ್ನು ಸರಳ ಮಾಡಿದರು. ನಮ್ಮದು ಹಾಗೇ ಉಳಿಯಿತು. ಶಾರದಕ್ಕನ ಪೆನ್ನು ‘ನಿ’ ಬರೆದು ನಿಲ್ಲುತ್ತದೆ. ಮುಂದೆ ಯಾವುದು ಅಂತ ಕೈ ಕೇಳುತ್ತದೆ. ಆ ಅರೆ ಕ್ಷಣದಲ್ಲಿ ಎದುರು ಕೂತ ಏಳು ಜನ ನೆನಪಾಗುತ್ತಾರೆ. ಅಲ್ಲಿಂದ ಮುಂದಿನ ಇಡೀ ಸಾಲು ಹಾಳು. ನಡಾವಳಿಯಲ್ಲಿ ‘ನಿರ್ಣಯಿಸಲಾಯಿತು’ ಎಷ್ಟು ಸಲ ಬರುತ್ತದೆ ಅಂತ ಬರೆದವರಿಗೇ ಗೊತ್ತು.

ಎಲ್ಲಿ ಕೂತು ಬರೆಯುತ್ತೀರಿ, ಚಿತ್ರ ಬಿಡಿಸಿ ತೋರಿಸಿ ಅಂತ ಆಮೇಲೆ ಕೇಳಿದೆ. ಮೇಜಿನ ನಡುವೆ ಕೀಬೋರ್ಡು, ಹಿಂದೆ ಮಾನಿಟರು, ಬಲಕ್ಕೆ ಪ್ರಿಂಟರು. ಪುಸ್ತಕಕ್ಕೆ ಸಿಕ್ಕಿದ್ದು ಎಡ ಮೂಲೆ, ಅರ್ಧ ಹೊರಗೆ. ಬಲಗೈ ಮೊಣಕೈ ಗಾಳಿಯಲ್ಲಿ. ಪುಸ್ತಕವೋ ಇಷ್ಟು ದಪ್ಪ. ಪುಟದ ಕೆಳಗೆ ಬಂದರೆ ಅಂಗೈ ಜಾರಿ ಕೆಳಗೆ ಬೀಳುತ್ತದೆ. ಸಾಲು ಇಳಿಯುವುದಕ್ಕೆ ಅರ್ಧ ಕಾರಣ ಇದೇ ಅಲ್ವಾ?

ಟೈಪ್ ಮಾಡಿ ಅಂಟಿಸಬಾರದಾ ಅಂತಲೂ ಕೇಳಿದ್ದೆ. ಅವರ ಸಂಘದಲ್ಲಿ ಆಗುವುದಿಲ್ಲವಂತೆ. ಪುಟಕ್ಕೆ ನಂಬರು ಹಾಕಿದ, ಹೊಲಿದ ಪುಸ್ತಕ. ಹಾಳೆ ಬದಲಾಯಿಸಲು ಯಾರಿಗೂ ಆಗಬಾರದು. ಚಿತ್ತುಕಾಟು ಮಾಡಿದಲ್ಲೆಲ್ಲ ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಆ ಸಹಿಗೂ ಇವರಿಗೆ ಹೆದರಿಕೆ. ತಪ್ಪಿಗೆ ಸಾಕ್ಷಿ ಹಾಕಿದ ಹಾಗೆ ಅಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಮೇಜು. ಬರೆಯುವ ದಿನ ಕೀಬೋರ್ಡನ್ನು ಎತ್ತಿ ಮಾನಿಟರಿನ ಹಿಂದೆ ಇಡಿ. ಎರಡು ಮೊಣಕೈಯೂ ಮೇಜಿನ ಮೇಲಿರಲಿ. ದಪ್ಪ ಪುಸ್ತಕದ ಕೆಳಗಿನ ಅಂಚಿಗೆ ತಾಗಿಸಿ ಅಷ್ಟೇ ದಪ್ಪದ ಇನ್ನೊಂದು ಹಳೆ ಪುಸ್ತಕ ಇಟ್ಟರೆ ಅಂಗೈಗೆ ಆಸರೆ ಆಗುತ್ತದೆ. ಪುಸ್ತಕ ಸ್ವಲ್ಪ ಓರೆ ಇರಲಿ. ಪೆನ್ನನ್ನು ಯಾರಾದರೂ ಮೆಲ್ಲ ಎಳೆದರೆ ಕೈಯಿಂದ ಜಾರಿ ಬರಬೇಕು, ಹಿಡಿತ ಅಷ್ಟೇ ಸಾಕು. ಜೆಲ್ ಪೆನ್ನಿಗೆ ಒತ್ತಡ ಕಡಿಮೆ ಸಾಕು ಅಂತ ಅದನ್ನೂ ಹೇಳಿದ್ದೆ. ಅದು ನಮ್ಮೂರಿಗೆ ಸರಿಯಾಗಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಪುಸ್ತಕ ಹಸಿ ಹಿಡಿದು ಶಾಯಿ ಹರಡಿತು, ಹಿಂದಿನ ಪುಟಕ್ಕೂ ಇಳಿಯಿತು. ಬಾಲ್ ಪೆನ್ನಿಗೇ ವಾಪಸ್.

ಎರಡನೆಯದು ಆ ಪದಗಳು. ಅವರದೇ ನಡಾವಳಿಯಿಂದ ಇಪ್ಪತ್ತು ಪದ ಆರಿಸಿದೆವು. ದಿನಕ್ಕೆ ಹತ್ತು ನಿಮಿಷ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ. ಚಂದ ಬೇಡ. ಕೈ ಹೋಗುವ ದಾರಿಯನ್ನು ಬಾಯಲ್ಲಿ ಹೇಳುತ್ತಾ ಬರೆಯಬೇಕು: “ನಿ, ಣ, ಅರ್ಕಾವತ್ತು, ಯ.” ಕೇಳಿದವರಿಗೆ ಮಂತ್ರದ ಹಾಗೆ ಇರುತ್ತದೆ. ಅವರ ಅತ್ತೆ ಬಾಗಿಲಲ್ಲಿ ನಿಂತು ಕೇಳಿ, “ಎಂತ ಜಪ ಇದು?” ಅಂತ ಕೇಳಿದರಂತೆ. ಅಷ್ಟಾಗಿಯೂ ಕೈ ತಡವರಿಸಿದರೆ ‘ರ’ ಬರೆದು ಕೆಳಗೆ ಒತ್ತು ಕೊಡಿ, ಹಾಗೆ ಬರೆಯುವವರೂ ಇದ್ದಾರೆ, ಓದುವವರಿಗೆ ಅರ್ಥವಾಗುತ್ತದೆ ಅಂದೆ. ಶಾರದಕ್ಕ ಒಪ್ಪಲಿಲ್ಲ. “ಅದು ನೋಡ್ಲಿಕ್ಕೆ ಚಂದ ಇಲ್ಲ.” ಬಿಟ್ಟುಬಿಟ್ಟೆ. ಹಟ ಇದ್ದರೆ ಇರಲಿ, ಆ ಹಟ ನನ್ನ ಕೆಲಸಕ್ಕೆ ಒಳ್ಳೆಯದೇ.

ಯೋಚಿಸುವುದು ಮತ್ತು ಬರೆಯುವುದು ಒಟ್ಟಿಗೆ ಬೇಡ ಅಂತಲೂ ಹೇಳಿದೆ. ಸಭೆಯಲ್ಲಿ ಕೂತಾಗ ಪೆನ್ಸಿಲಿನಲ್ಲಿ ಗುರುತು ಮಾತ್ರ. ಮಾರನೇ ದಿನ ಬೆಳಿಗ್ಗೆ ವಾಕ್ಯಗಳನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿ ತಿದ್ದಿ, ಪ್ರಿಂಟ್ ತೆಗೆದು, ಅದನ್ನು ನೋಡಿ ಪುಸ್ತಕಕ್ಕೆ ಇಳಿಸುವುದು. ಅಕ್ಷರ ಕೆಡಿಸಿದ್ದು ಕಂಪ್ಯೂಟರ್ ಅಂತ ಅದಕ್ಕೆ ಬೈಯುತ್ತಿದ್ದರಲ್ಲ, ಅದರ ಕೈಯಿಂದಲೇ ಕರಡು ಬರೆಸೋಣ ಅಂದೆ. ಚಿತ್ತು ಅರ್ಧಕ್ಕರ್ಧ ಕಡಿಮೆಯಾಯಿತು.

ಇಷ್ಟರಿಂದ ಅಕ್ಷರಕ್ಕೆ ದಾರಿ ಸಿಕ್ಕಿತು. ಭಯ ಹೋಗಲಿಲ್ಲ. ಇನ್ನೊಬ್ಬರು ನೋಡುತ್ತಿರುವಾಗ ಬರೆಯಲು ಹೆದರುವುದು, ಸಭೆಯಲ್ಲಿ ಮಾತಾಡಲು ಹೆದರುವ ಜಾತಿಯದೇ ಭಯ. ತಪ್ಪಿಸಿಕೊಂಡಷ್ಟೂ ಬೆಳೆಯುತ್ತದೆ. ಪ್ರತಿ ಸಲ ಗಂಡ ಕವರಿನ ಮೇಲೆ ಹೆಸರು ಬರೆದುಕೊಟ್ಟಾಗಲೂ ಮನಸ್ಸು ಕಲಿತದ್ದು ‘ಸದ್ಯ, ಬಚಾವಾದೆ’ ಅಂತ. ಅದಕ್ಕೆ ಭಯಕ್ಕೆ ಅಂಕ ಕೊಡಿಸಿದೆ, ಹತ್ತರಲ್ಲಿ. ಅಂಗಡಿ ಚೀಟಿಗೆ ಒಂದು. ಮಗಳು ಪಕ್ಕದಲ್ಲಿ ಕೂತು ನೋಡಿದರೆ ಮೂರು. ಮದುವೆ ಮನೆಯಲ್ಲಿ ಕವರಿನ ಮೇಲೆ ಬರೆಯುವುದಕ್ಕೆ ಐದು. ಸಭೆಯ ಎದುರು ನಡಾವಳಿಗೆ ಹತ್ತು. ಸಣ್ಣ ಅಂಕದಿಂದ ದೊಡ್ಡದಕ್ಕೆ ಒಂದೊಂದೇ ಮೆಟ್ಟಿಲು ಹತ್ತುವುದು ಲೆಕ್ಕ. ನಡುವೆ ಏಳರ ಮೆಟ್ಟಿಲೊಂದು ಬೇಕಿತ್ತು. ಅವರೇ ಹುಡುಕಿದರು, ಊರಿನ ಭಜನಾ ಮಂದಿರದ ವಾರ್ಷಿಕ ಪೂಜೆಯ ರಸೀದಿ. ಜನ ಸಾಲು ನಿಂತಿರುತ್ತಾರೆ, ಹೆಸರು ಹೇಳುತ್ತಾರೆ, ಕೂಡಲೇ ಬರೆದು ಹರಿದು ಕೊಡಬೇಕು.

ನಿಯಮ ಒಂದೇ. ಭಯದ ಅಂಕ ಅರ್ಧಕ್ಕೆ ಇಳಿಯುವವರೆಗೆ ಎದ್ದು ಹೋಗಬಾರದು. ಭಯ ಏರುತ್ತದೆ, ತುದಿ ಮುಟ್ಟುತ್ತದೆ, ಅಲ್ಲೇ ಕೂತರೆ ಇಳಿಯುತ್ತದೆ. ಏರುವಾಗಲೇ ಎದ್ದು ಹೋದರೆ ಇಳಿಯುವುದನ್ನು ನೋಡುವ ಅವಕಾಶವೇ ಸಿಗುವುದಿಲ್ಲ.

ಮಗಳ ಮೆಟ್ಟಿಲು ಸುಲಭವಾಗಿ ದಾಟಿತು. ಮದುವೆ ಕವರಿನದು ಎರಡು ಸಲ ಕೆಟ್ಟಿತು. ಒಮ್ಮೆ ಬರೆಯದೆ ಖಾಲಿ ಕವರೇ ಕೊಟ್ಟು ಬಂದಿದ್ದರು. ಭಜನಾ ಮಂದಿರದಲ್ಲಿ ಮೊದಲ ಹತ್ತು ರಸೀದಿಗೆ ಭಯ ಒಂಬತ್ತಕ್ಕೆ ಏರಿತಂತೆ. ಒಬ್ಬರು ಹೆಸರು ‘ಸೂರ್ಯನಾರಾಯಣ’ ಅಂದಾಗ ಕೈ ನಿಂತೇ ಹೋಯಿತು. ಮನಸ್ಸಿನಲ್ಲಿ ‘ಸೂ, ಯ, ಅರ್ಕಾವತ್ತು’ ಅಂತ ಹೇಳಿಕೊಂಡು ಬರೆದರು. ಅವರು ರಸೀದಿಯನ್ನು ನೋಡದೆ ಮಡಚಿ ಕಿಸೆಗೆ ಹಾಕಿ ಊಟಕ್ಕೆ ಹೋದರು. “ಯಾರೂ ಓದುವುದೇ ಇಲ್ಲ ಮೇಡಂ!” ಅಂತ ಹೇಳುವಾಗ ಅವರಿಗೆ ಸಮಾಧಾನವೂ ಇತ್ತು, ಸ್ವಲ್ಪ ಬೇಸರವೂ ಇತ್ತು.

ಆ ಬೇಸರದ ಬಗ್ಗೆ ಎರಡು ಭೇಟಿ ಮಾತಾಡಿದೆವು. ಕಪ್ಪು ಹಲಗೆಯ ಫೋಟೋ ಮತ್ತೆ ಹೊರಗೆ ಬಂತು. ಹದಿನೈದು ವರ್ಷದ ಹುಡುಗಿಯ ಆ ಅಕ್ಷರ ಇನ್ನು ಬರುವುದಿಲ್ಲ, ನಡಾವಳಿಗೆ ಅದು ಬೇಕಾಗಿಯೂ ಇಲ್ಲ ಅಂತ ನಾನು ಮೆತ್ತಗೆ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಆವಾಗ ಒಂದು ಸುಭಾಷಿತ ಬರೆಯಲಿಕ್ಕೆ ಅರ್ಧ ಗಂಟೆ ಬೇಕಿತ್ತು” ಅಂದರು. “ಟೀಚರ್ ಬೈಯುತ್ತಿದ್ದರು.”

ಈಗ ಐದು ತಿಂಗಳಾಯಿತು. ನಡಾವಳಿ ಅವರೇ ಬರೆಯುತ್ತಿದ್ದಾರೆ. ಕಳೆದ ಸಭೆಯದರಲ್ಲಿ ಎರಡು ಕಡೆ ಚಿತ್ತು, ಎರಡಕ್ಕೂ ಪಕ್ಕದಲ್ಲಿ ಸಹಿ. ಮೂರು ಪುಟದಲ್ಲಿ ಎರಡೇ. ಸಾಲು ನೇರ ಇದೆ, ಅಕ್ಷರ ಸಾಧಾರಣ. ಗುಬ್ಬಿ ಕಾಲು ಅಂದವರು ಓದಿದರು, ಏನೂ ಹೇಳಲಿಲ್ಲ. ಭಯದ ಅಂಕ ನಾಲ್ಕು. ಬ್ಯಾಂಕಿನ ಸಹಿ ಮಾತ್ರ ಹಳೆಯ ಮಾದರಿಗೆ ಹೊಂದುತ್ತಿಲ್ಲ. ಅದನ್ನು ಹಳೆಯ ಹಾಗೆ ಬರೆಯಲು ಒದ್ದಾಡಬೇಡಿ, ಈಗಿನ ಕೈಯ ಸಹಿಯನ್ನೇ ಹೊಸ ಮಾದರಿಯಾಗಿ ಕೊಡಿ ಅಂದಿದ್ದೇನೆ. ಗುರುವಾರ ಹೋಗುತ್ತಾರಂತೆ, ಮಗಳನ್ನು ಕರೆದುಕೊಳ್ಳದೆ.