ಸೌರ ವಿದ್ಯುತ್ತು ಇಷ್ಟು ಅಗ್ಗವಾದರೂ ನಮ್ಮ ಕರೆಂಟ್ ಬಿಲ್ ಏಕೆ ಇಳಿಯುತ್ತಿಲ್ಲ?

ಸೌರ ವಿದ್ಯುತ್ತು ಯೂನಿಟ್‌ಗೆ ಎರಡೂವರೆ ರೂಪಾಯಿಗೆ ಸಿಗುತ್ತದೆ ಎನ್ನುವಾಗ ಮನೆಯ ಬಿಲ್ಲಿನಲ್ಲಿ ಎಂಟು ರೂಪಾಯಿ ಏಕೆ ಬೀಳುತ್ತಿದೆ ಎಂದು ನೀವು ಕೇಳಿದ್ದೀರಿ. ಆನ್‌ಲೈನ್‌ನಲ್ಲಿ ಈ ಮಾತು ಬಂದಾಗಲೆಲ್ಲ ಒಬ್ಬರು ಗ್ಯಾರಂಟಿ ಯೋಜನೆಗಳನ್ನು, ಇನ್ನೊಬ್ಬರು ಕಲ್ಲಿದ್ದಲನ್ನು, ಮತ್ತೊಬ್ಬರು ರೈತರ ಪಂಪ್‌ಸೆಟ್‌ಗಳನ್ನು ದೂರುತ್ತಾರೆ, ಇವರಲ್ಲಿ ಯಾರನ್ನು ನಂಬಬೇಕು ಎಂಬುದೂ ನಿಮ್ಮ ಪ್ರಶ್ನೆಯಲ್ಲಿದೆ. ವಿದ್ಯುತ್ ವಿತರಣೆಯ ಲೆಕ್ಕಪತ್ರ ವಿಭಾಗದಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು ನಾನು. ಈ ಜಗಳವನ್ನು ಕಚೇರಿಯ ಒಳಗಿನಿಂದಲೂ ಹೊರಗಿನಿಂದಲೂ ನೋಡಿದ್ದೇನೆ. ಮೂವರ ಮಾತಿನಲ್ಲೂ ಸತ್ಯದ ಒಂದೊಂದು ತುಣುಕಿದೆ. ಆದರೆ ಮೂವರೂ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಬೆಲೆಯಿದೆ ಎಂದು ಮೊದಲೇ ಒಪ್ಪಿಕೊಂಡು ವಾದಕ್ಕೆ ಇಳಿಯುತ್ತಾರೆ, ಎಡವುವುದು ಅಲ್ಲಿಯೇ. ಯೂನಿಟ್‌ನ ಬೆಲೆ ಅದು ಯಾವ ಹೊತ್ತಿನಲ್ಲಿ ಬೇಕು ಎಂಬುದರ ಮೇಲೆ ನಿಂತಿದೆ.

ಮೊದಲು ನಿಮ್ಮ ಬಿಲ್ಲನ್ನೇ ಮುಂದಿಟ್ಟುಕೊಳ್ಳೋಣ. 3 ಕಿಲೋವ್ಯಾಟ್ ಲೋಡ್ ಮಂಜೂರಾತಿ (ಒಂದೇ ಹೊತ್ತಿಗೆ ಗರಿಷ್ಠ ಇಷ್ಟು ಎಳೆಯಬಹುದು ಎಂಬ ಅನುಮತಿ) ಇರುವ ಮನೆಯೊಂದು ತಿಂಗಳಿಗೆ 250 ಯೂನಿಟ್ ಬಳಸಿತು ಎಂದಿಟ್ಟುಕೊಳ್ಳಿ. ಕರ್ನಾಟಕದ 2025-26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ 435 ರೂಪಾಯಿ. ಯೂನಿಟ್‌ಗೆ 5.80ರಂತೆ ಬಳಕೆಯ ಶುಲ್ಕ 1,450 ರೂಪಾಯಿ. ಅದರ ಮೇಲೆ ಶೇ 9ರ ವಿದ್ಯುತ್ ತೆರಿಗೆ ಸುಮಾರು 130 ರೂಪಾಯಿ. ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆಯಂತೆ 90 ರೂಪಾಯಿ. ಒಟ್ಟು ಸುಮಾರು 2,105 ರೂಪಾಯಿ, ಅಂದರೆ ಯೂನಿಟ್‌ಗೆ 8.40ರ ಹತ್ತಿರ. ಇಂಧನ ವೆಚ್ಚ ಹೊಂದಾಣಿಕೆಯ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಸೇರಿಸಿಲ್ಲ. ಇದೇ ಮನೆ 120 ಯೂನಿಟ್ ಮಾತ್ರ ಬಳಸಿದ್ದರೆ, ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ತಿನ ಗ್ಯಾರಂಟಿ ಯೋಜನೆಯ ರಿಯಾಯಿತಿ ಇಲ್ಲದೆ ಲೆಕ್ಕ ಹಾಕಿದರೆ, ಒಂದು ಯೂನಿಟ್‌ಗೆ 10 ರೂಪಾಯಿಗೂ ಹೆಚ್ಚು ಬೀಳುತ್ತದೆ, ಏಕೆಂದರೆ ನಿಗದಿತ ಶುಲ್ಕದ 435 ರೂಪಾಯಿ ಬಳಕೆ ಕಡಿಮೆಯಾಯಿತೆಂದು ಕಡಿಮೆಯಾಗುವುದಿಲ್ಲ. ಆ ಹಣ ತಂತಿ, ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್), ಸಬ್‌ಸ್ಟೇಷನ್ ಮತ್ತು ನೀವು ಸ್ವಿಚ್ ಒತ್ತಿದ ಕ್ಷಣದಲ್ಲಿ ಸಿದ್ಧವಾಗಿರಬೇಕಾದ ಯಂತ್ರಗಳಿಗೆ ಸಲ್ಲುವ ಬಾಡಿಗೆ. ಸೌರ ವಿದ್ಯುತ್ತಿನ ಹರಾಜಿನ ದರ, ಅಂದರೆ ನೀವು ಹೇಳಿದ ಎರಡೂವರೆ ರೂಪಾಯಿ, ವಿದ್ಯುತ್ತು ಸ್ಥಾವರದ ಗೇಟಿನಿಂದ ಹೊರಬೀಳುವಾಗಿನ ದರ. ಹೊಲದಲ್ಲಿ ಟೊಮೆಟೊಗೆ ಸಿಕ್ಕ ಬೆಲೆಯನ್ನೂ ಅಂಗಡಿಯಲ್ಲಿ ಕೊಟ್ಟ ಬೆಲೆಯನ್ನೂ ಹೋಲಿಸುವಾಗ ನಾವು ಸಾಗಣೆ, ಹಾಳಾಗುವಿಕೆಗಳನ್ನು ನೆನೆಯುತ್ತೇವೆ. ವಿದ್ಯುತ್ತಿನ ವಿಷಯದಲ್ಲಿ ಆ ನೆನಪು ಇರುವುದಿಲ್ಲ.

ಇನ್ನು ಹೊತ್ತಿನ ವಿಷಯ. ವಿತರಣಾ ಕಂಪನಿಗಳು ವಿದ್ಯುತ್ತು ಕೊಳ್ಳುವ ವಿನಿಮಯ ಮಾರುಕಟ್ಟೆಯಲ್ಲಿ ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಬೇರೆ ಬೆಲೆ ಕಟ್ಟುತ್ತಾರೆ. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಎರಡು ಮೂರು ರೂಪಾಯಿಗೆ ಬಿಕರಿಯಾಗುವ ಯೂನಿಟ್, ಬೇಡಿಕೆ ಬಿಗಿಯಾದ ದಿನಗಳಲ್ಲಿ ಅದೇ ಸಂಜೆ ಏಳು ಗಂಟೆಗೆ 10 ರೂಪಾಯಿಯ ಗರಿಷ್ಠ ಮಿತಿಯನ್ನು ಮುಟ್ಟಿ ನಿಲ್ಲುತ್ತದೆ. 2023ರ ಏಪ್ರಿಲ್‌ನಿಂದ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಈ ಮಿತಿಯನ್ನು ಇಟ್ಟಿರುವುದರಿಂದ ಅಲ್ಲಿಗೆ ನಿಲ್ಲುತ್ತದೆ, ಇಲ್ಲದಿದ್ದರೆ ಇನ್ನೂ ಮೇಲೇರುತ್ತಿತ್ತು. ಸೌರ ವಿದ್ಯುತ್ತು ಅಗ್ಗವೆಂದು ವಾದಿಸುವವರು ಮಧ್ಯಾಹ್ನದ ಯೂನಿಟ್ ಬಗ್ಗೆ ಹೇಳುತ್ತಿದ್ದಾರೆ, ಅದು ನೂರಕ್ಕೆ ನೂರು ನಿಜ. ಕಲ್ಲಿದ್ದಲಿಲ್ಲದೆ ನಡೆಯದು ಎನ್ನುವವರು ಸಂಜೆಯ ಯೂನಿಟ್ ಬಗ್ಗೆ ಹೇಳುತ್ತಿದ್ದಾರೆ, ಸಂಗ್ರಹಣೆ ಸಾಕಷ್ಟಿಲ್ಲದ ಇವತ್ತಿನ ಮಟ್ಟಿಗೆ ಅದೂ ನಿಜ. ಇಬ್ಬರೂ ಬೇರೆ ಬೇರೆ ಸರಕಿನ ಬೆಲೆ ಹೇಳುತ್ತಾ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇದೇ ಜಾಡಿನಲ್ಲಿ ನಡೆಯುವ ಇನ್ನೊಂದು ತಪ್ಪು ಮೆಗಾವ್ಯಾಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು. ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ರಾಯಚೂರು ಶಾಖೋತ್ಪನ್ನ ಕೇಂದ್ರದ್ದು 1,720. ಹಾಗಾದರೆ ಪಾವಗಡವೇ ದೊಡ್ಡದಲ್ಲವೇ ಎಂದು ಕೇಳುತ್ತಾರೆ. ರಾಯಚೂರಿನ ಎಲ್ಲ ಘಟಕಗಳೂ ಒಂದು ಪೂರ್ತಿ ದಿನ ಓಡಿದರೆ ನಾಲ್ಕು ಕೋಟಿಗೂ ಹೆಚ್ಚು ಯೂನಿಟ್ ಬರುತ್ತದೆ. ಪಾವಗಡದಲ್ಲಿ ರಾತ್ರಿ, ಮೋಡ, ಓರೆ ಬಿಸಿಲು ಎಲ್ಲವನ್ನೂ ಕಳೆದರೆ ದಿನಕ್ಕೆ ಒಂದು ಕೋಟಿ ಯೂನಿಟ್‌ನ ಆಸುಪಾಸು ದೊರೆಯುತ್ತದೆ. ಇದರಿಂದ ಪಾವಗಡ ಕಡಿಮೆಯಾಯಿತು ಎಂದು ಯಾರೂ ತಿಳಿಯಬಾರದು. ಮಳೆ ಕೈಕೊಟ್ಟ ಸುಮಾರು 13,000 ಎಕರೆ ನೆಲವನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಪಡೆದು ಕಟ್ಟಿದ ಪಾರ್ಕ್ ಅದು. ರಾಯಚೂರಿಗೆ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು, ಪಾವಗಡಕ್ಕೆ ಬಿಸಿಲು ತಾನಾಗಿ ಬರುತ್ತದೆ.

ಸೌರ ವಿದ್ಯುತ್ತಿನ ದರ ಇಳಿದಿದ್ದರೂ ಹಳೆಯ ಒಪ್ಪಂದಗಳು ಇಳಿದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್‌ನ ಮೊದಲ ಹರಾಜಿನಲ್ಲಿ ಸೌರ ಫಲಕಗಳ ವಿದ್ಯುತ್ತಿಗೆ ಅತ್ಯಂತ ಕಡಿಮೆ ದರ 10.95 ರೂಪಾಯಿ ಇತ್ತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಅದು 1.99ಕ್ಕೆ ಬಂದಿತು. ಆದರೆ ಖರೀದಿ ಒಪ್ಪಂದಗಳು 25 ವರ್ಷಗಳಿಗೆ ಆಗುತ್ತವೆ. ನಮ್ಮ ರಾಜ್ಯದಲ್ಲೇ 2014ರ ಸುಮಾರಿನಲ್ಲಿ ರೈತರಿಗೆಂದು ಮಾಡಿದ 1ರಿಂದ 3 ಮೆಗಾವ್ಯಾಟ್ ಯೋಜನೆಗೆ 8.40 ರೂಪಾಯಿ ದರ ಗೊತ್ತಾಗಿತ್ತು. ಅಂದು ಅಂಥ ದರವನ್ನು ಕೊಡದಿದ್ದರೆ ಇಂದಿನ ಅಗ್ಗದ ದರ ಹುಟ್ಟುತ್ತಿರಲಿಲ್ಲ, ಮೊದಲ ಖರೀದಿದಾರರ ಹಣದಿಂದಲೇ ತಂತ್ರಜ್ಞಾನ ಬಲಿಯಿತು. ಇಂದಿನ ಗ್ರಾಹಕರು ಆ ಹಳೆಯ ಒಪ್ಪಂದಗಳ ಕಂತನ್ನು ಇನ್ನೂ ಕಟ್ಟುತ್ತಿದ್ದಾರೆ. ಶಾಖೋತ್ಪನ್ನ ಸ್ಥಾವರಗಳ ಲೆಕ್ಕವೂ ಹಾಗೆಯೇ: ಅವುಗಳಿಂದ ವಿದ್ಯುತ್ತು ಕೊಳ್ಳಲಿ, ಕೊಳ್ಳದಿರಲಿ, ಯಂತ್ರ ಸಿದ್ಧವಾಗಿರುವಷ್ಟು ದಿನ ನಿಗದಿತ ವೆಚ್ಚವನ್ನು ಕೊಡಲೇಬೇಕು.

ರಾಜಕೀಯದ ಮಾತಿಗೆ ಬಂದರೆ, 2023ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಆ ತಿಂಗಳ ಬಿಲ್ಲು ಕೈಗೆ ಬಂದಾಗ ಜನ ದಿಗಿಲುಗೊಂಡರು. ಹೊಸ ಸರ್ಕಾರ ಉಚಿತ ವಿದ್ಯುತ್ತಿನ ಹಣವನ್ನು ನಮ್ಮಿಂದಲೇ ಕೀಳುತ್ತಿದೆ ಎಂಬ ಮಾತು ಎಲ್ಲೆಡೆ ಹರಡಿತು. ದರವನ್ನು ಸರಾಸರಿ 70 ಪೈಸೆ ಹೆಚ್ಚಿಸಿದ ಆದೇಶವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹೊರಡಿಸಿದ್ದು ಮೇ 12ರಂದು. ಚುನಾವಣೆಯ ಫಲಿತಾಂಶ ಬಂದದ್ದು ಮೇ 13ರಂದು, ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ್ದು ಮೇ 20ರಂದು. ಆದೇಶ ಏಪ್ರಿಲ್ 1ರಿಂದಲೇ ಅನ್ವಯವಾಗಿದ್ದರಿಂದ ಹಿಂದಿನ ಬಾಕಿಯೂ ಸೇರಿ ಜೂನ್ ಬಿಲ್ಲು ಉಬ್ಬಿತ್ತು. ಮರುವರ್ಷ, 2024ರ ಫೆಬ್ರುವರಿಯ ಆದೇಶದಲ್ಲಿ, 100 ಯೂನಿಟ್‌ಗಿಂತ ಹೆಚ್ಚು ಬಳಸುವ ಮನೆಗಳ ದರ 7 ರೂಪಾಯಿಯಿಂದ 5.90ಕ್ಕೆ ಇಳಿಯಿತು. ಆಗ ಸರ್ಕಾರದ ಬೆಂಬಲಿಗರು ದರ ಇಳಿಸಿದ್ದು ನಾವೇ ಎಂದರು. ಅದೇ ಆದೇಶದಲ್ಲಿ 100 ಯೂನಿಟ್ ಒಳಗಿನ ಬಳಕೆದಾರರ ದರ 4.75ರಿಂದ 5.90ಕ್ಕೆ ಏರಿದ್ದನ್ನು ಅವರು ಹೇಳಲಿಲ್ಲ. ಆ ಬಳಕೆದಾರರಲ್ಲಿ ಹೆಚ್ಚಿನವರು ಗೃಹಜ್ಯೋತಿಯ ವ್ಯಾಪ್ತಿಯಲ್ಲಿದ್ದುದರಿಂದ ಏರಿಕೆಯ ಭಾರ ಅವರ ಜೇಬಿನ ಬದಲು ರಾಜ್ಯದ ಖಜಾನೆಯ ಮೇಲೆ ಬಿತ್ತು. ಎರಡು ಪಕ್ಷದವರೂ ದಿನಾಂಕಗಳನ್ನು ನೋಡಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಹಾಗೆಂದು ಗ್ಯಾರಂಟಿಗೂ ದರಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳಲಾರೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಸಬ್ಸಿಡಿ ಘೋಷಿಸಿದರೆ ಆ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ಕೊಡಬೇಕು. ಯಾವ ಸರ್ಕಾರವೇ ಇರಲಿ, ಹಣ ತಡವಾದರೆ ಕಂಪನಿ ಸಾಲ ಎತ್ತುತ್ತದೆ, ಬಡ್ಡಿ ಬೆಳೆಯುತ್ತದೆ, ಆ ಬಡ್ಡಿಯನ್ನು ಕಾಲಾನಂತರ ದರದಲ್ಲಿ ಸೇರಿಸಲು ಅರ್ಜಿ ಬರುತ್ತದೆ. ಆದ್ದರಿಂದ ಉಚಿತ ಕೊಡಬೇಕೇ ಬೇಡವೇ ಎಂಬ ವಾದಕ್ಕಿಂತ, ಘೋಷಿಸಿದ ಹಣ ಸಮಯಕ್ಕೆ ಪಾವತಿಯಾಗಿದೆಯೇ ಎಂಬ ಪ್ರಶ್ನೆ ನಿಮ್ಮ ಬಿಲ್ಲಿಗೆ ಹೆಚ್ಚು ಹತ್ತಿರದ್ದು. ಅದನ್ನು ಕೇಳುವವರು ತೀರಾ ಕಡಿಮೆ.

ರೈತರ ಪಂಪ್‌ಸೆಟ್ ಬಗ್ಗೆ ನಾನು ನನ್ನ ಅಭಿಪ್ರಾಯವನ್ನೇ ಬದಲಿಸಿಕೊಂಡವನು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ತು ಕೊಡುವುದು ವ್ಯರ್ಥವೆಂದು ಕಚೇರಿಯ ಮೇಜಿನ ಹಿಂದೆ ಕುಳಿತು ವಾದಿಸುತ್ತಿದ್ದೆ. ಒಂದು ಬೇಸಿಗೆಯಲ್ಲಿ ಚಳ್ಳಕೆರೆ ಕಡೆಯ ನೆಂಟರ ಮನೆಯಲ್ಲಿ ತಂಗಿದ್ದಾಗ, ರಾತ್ರಿ ಎರಡರ ಹೊತ್ತಿಗೆ ಪಂಪ್‌ಸೆಟ್ ಓಡಲು ಬೇಕಾದ ತ್ರೀಫೇಸ್ ವಿದ್ಯುತ್ತು ಬಂತು. ಆ ಮನೆಯ ಹಿರಿಯರು ಎದ್ದು, ಟಾರ್ಚ್ ಹಿಡಿದು, ಕೋಲಿನಿಂದ ನೆಲ ತಟ್ಟುತ್ತಾ ಹೊಲಕ್ಕೆ ಹೊರಟರು. ಹಾವಿನ ಭಯಕ್ಕೆ ಹಾಗೆ ತಟ್ಟುವುದಂತೆ. ನಾನೂ ಹಿಂದೆ ಹೋದೆ. ಸುತ್ತಲಿನ ಹೊಲಗಳಲ್ಲಿ ಕರೆಂಟ್ ಬಂದೊಡನೆ ತಾನೇ ಓಡುವಂತೆ ಆಟೋ ಸ್ಟಾರ್ಟರ್ ಹಾಕಿಟ್ಟ ಮೋಟಾರುಗಳೆಲ್ಲ ಒಂದೇ ಏಟಿಗೆ ಗುಂಯ್‌ಗುಟ್ಟಿದವು, ದೂರದ ಮನೆಯ ಬಲ್ಬು ಕೆಂಪಗೆ ಕುಗ್ಗಿತು. ಹೀಗೆ ಒಟ್ಟಿಗೆ ಬೀಳುವ ಹೊರೆಗೆ ಟಿಸಿ ಸುಡುತ್ತದೆ, ಸುಟ್ಟ ಟಿಸಿ ಬದಲಾಗುವವರೆಗೆ ಬೆಳೆ ಒಣಗುತ್ತದೆ. ಅವರು ಮಡಿಯಿಂದ ಮಡಿಗೆ ನೀರು ತಿರುಗಿಸಿ ಮುಗಿಸುವ ಹೊತ್ತಿಗೆ ಬೆಳಕು ಹರಿದಿತ್ತು. ಉಚಿತವೆಂದು ನಾವು ಕರೆಯುವ ಆ ವಿದ್ಯುತ್ತಿಗೆ ಅವರು ತಮ್ಮ ನಿದ್ದೆಯನ್ನು ಬೆಲೆಯಾಗಿ ಕೊಡುತ್ತಿದ್ದರು.

ಅಗ್ಗದ ಸೌರ ವಿದ್ಯುತ್ತಿನ ನಿಜವಾದ ಫಲ ನನಗೆ ಕಾಣುವುದು ಇಲ್ಲಿಯೇ. ಪಂಪ್‌ಸೆಟ್‌ಗಳಿಗೆ ಬೇರೆ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ವಿದ್ಯುತ್ ಮಾರ್ಗ) ಎಳೆದು, ಹತ್ತಿರದಲ್ಲೇ ಸೌರ ಘಟಕ ಹಾಕಿ, ಹಗಲಿನಲ್ಲೇ ತ್ರೀಫೇಸ್ ಕೊಡುವ ಕೆಲಸ ಈಗ ಕೇಂದ್ರದ ಕುಸುಮ್ ಯೋಜನೆಯಡಿ ನಡೆಯುತ್ತಿದೆ. ಮಧ್ಯಾಹ್ನದ ಅಗ್ಗದ ಯೂನಿಟ್ ಮಧ್ಯಾಹ್ನವೇ ಬಳಕೆಯಾದರೆ ಸಂಗ್ರಹಣೆಯ ಖರ್ಚಿಲ್ಲ, ರೈತ ರಾತ್ರಿ ಏಳಬೇಕಿಲ್ಲ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ರಾಜ್ಯದ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಲ್ಲಿ ಬಹುಪಾಲಿಗೆ ಮೀಟರಿನ ಓದು ಇಲ್ಲ, ಬಳಕೆಯನ್ನು ಅಂದಾಜಿಸುತ್ತಾರೆ. ಅಂದಾಜು ಇರುವ ಕಡೆ ಕಳ್ಳತನ ಮತ್ತು ಸೋರಿಕೆಯನ್ನೂ ರೈತರ ಲೆಕ್ಕಕ್ಕೆ ಬರೆಯಲು ಅವಕಾಶವಿರುತ್ತದೆ. ಮೀಟರ್ ಎಂದರೆ ನಾಳೆ ಬಿಲ್ಲು ಎಂಬ ಭಯ ರೈತರಲ್ಲಿದೆ, ಆ ಭಯಕ್ಕೆ ಕಾರಣವೂ ಇದೆ. ಉಚಿತವನ್ನು ಮುಂದುವರಿಸುತ್ತಲೇ ಫೀಡರ್ ಮಟ್ಟದಲ್ಲಾದರೂ ಅಳತೆ ಸರಿಯಾಗಬೇಕು, ಅಳೆಯದ ಸಂಖ್ಯೆಯನ್ನು ಹಿಡಿದು ರೈತರನ್ನು ಹೀಯಾಳಿಸುವುದು ಅನ್ಯಾಯ.

2023ರ ಬರ ಈ ಎಲ್ಲ ಎಳೆಗಳನ್ನೂ ಒಂದೇ ಗಂಟಿಗೆ ತಂದಿತ್ತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ, ಜಲವಿದ್ಯುತ್ತನ್ನು ಅಳೆದು ಸುರಿಯಬೇಕಾಯಿತು, ಮಳೆಯಿಲ್ಲದ ಹೊಲಗಳಲ್ಲಿ ಪಂಪ್‌ಸೆಟ್‌ಗಳು ಮುಂಗಾರಿನಲ್ಲೇ ಓಡತೊಡಗಿದವು. ಅಕ್ಟೋಬರ್‌ನಲ್ಲಿ ಲೋಡ್ ಶೆಡ್ಡಿಂಗ್ ಶುರುವಾಗಿ, ಸರ್ಕಾರ ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ವಿದ್ಯುತ್ತನ್ನು ಕೈಗಡದಂತೆ ಪಡೆಯಲು ಮುಂದಾಯಿತು. ಆಗಲೂ ಹಗಲು ಹೊತ್ತು ಹೇಗೋ ಸಾಗುತ್ತಿತ್ತು, ಕಷ್ಟವೆಲ್ಲ ಸೂರ್ಯ ಇಳಿದ ಮೇಲೆ.

ಹೀಗಾಗಿ ಮುಂದಿನ ಹತ್ತು ವರ್ಷಗಳ ಬಿಲ್ಲನ್ನು ನಿರ್ಧರಿಸುವುದು ಸಂಜೆಯ ಯೂನಿಟ್. ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಎತ್ತಿಡಲು ನಮ್ಮ ಮುಂದೆ ಎರಡು ಮುಖ್ಯ ದಾರಿಗಳಿವೆ. ಒಂದು ಬ್ಯಾಟರಿ, ಇನ್ನೊಂದು ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲಕ್ಕೆ ಹತ್ತಿಸಿ ಮತ್ತೆ ಬಿಡುವುದು. ಎರಡನೆಯದಕ್ಕೆ ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಯೋಜನೆ ರೂಪುಗೊಂಡಿದೆ. ನೀರು ಹತ್ತಿಸಿ ಇಳಿಸುವಾಗ ಐದರಲ್ಲಿ ಒಂದು ಪಾಲಿನಷ್ಟು ವಿದ್ಯುತ್ತು ಕಳೆದುಹೋಗುತ್ತದೆ, ಅದನ್ನು ಲೆಕ್ಕದಲ್ಲಿ ಹಿಡಿಯಬಹುದು. ಆದರೆ ಯೋಜನೆಗಾಗಿ ಕಳೆದುಕೊಳ್ಳುವ, ಸಿಂಗಳೀಕಗಳ ಅಭಯಾರಣ್ಯದೊಳಗಿನ ಕಾಡನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು? 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಊರು ಬಿಟ್ಟು ಹೋದವರ ಕುಟುಂಬಗಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಆ ವಿದ್ಯುತ್ತು ರಾಜ್ಯಕ್ಕೆ ಅಗ್ಗವಾಗಿ ಕಂಡಿತು, ಏಕೆಂದರೆ ಅವರ ನಷ್ಟವನ್ನು ಯಾರೂ ದರಪಟ್ಟಿಯಲ್ಲಿ ಸೇರಿಸಲಿಲ್ಲ. ಬ್ಯಾಟರಿಯನ್ನು ಕಾಡಿನ ಹೊರಗೆ, ಪಾವಗಡದ ಸಬ್‌ಸ್ಟೇಷನ್ ಪಕ್ಕದಲ್ಲೇ ಇಡಬಹುದು, ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೂ ಇದೆ. ನನ್ನ ಒಲವು ಅದರ ಕಡೆಗಿದೆ. ಪಂಪ್ಡ್ ಸ್ಟೋರೇಜ್ ಪರ ಇರುವ ನನ್ನ ಹಳೆಯ ಸಹೋದ್ಯೋಗಿಗಳು ಬ್ಯಾಟರಿಯ ಆಯುಸ್ಸು ಕಡಿಮೆ, ಯಂತ್ರ ಮತ್ತು ಸುರಂಗ ನಲವತ್ತು ಐವತ್ತು ವರ್ಷ ಬಾಳುತ್ತವೆ ಎನ್ನುತ್ತಾರೆ. ಅದು ತಳ್ಳಿಹಾಕುವಂಥ ವಾದವಲ್ಲ, ಅವರೊಂದಿಗೆ ನಾನು ಇನ್ನೂ ಲೆಕ್ಕ ಹಾಕುತ್ತಿದ್ದೇನೆ.

ಕೊನೆಯದಾಗಿ ನಿಮ್ಮ ಮನೆಯ ಮಟ್ಟಿಗೆ ಒಂದು ಮಾತು. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ನೋಡಿ. ಮನೆ ಕಟ್ಟುವಾಗ ಗುತ್ತಿಗೆದಾರರು 5 ಕಿಲೋವ್ಯಾಟ್ ಬರೆಸಿಟ್ಟು, ನಿಮ್ಮ ಬಳಕೆ 3ನ್ನು ದಾಟದಿದ್ದರೆ, 2025-26ರ ದರದಲ್ಲಿ ತಿಂಗಳಿಗೆ 290 ರೂಪಾಯಿ ಸುಮ್ಮನೆ ಹೋಗುತ್ತಿರುತ್ತದೆ. ಅದನ್ನು ಇಳಿಸಲು ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡಬಹುದು. ಗೃಹಜ್ಯೋತಿಯಲ್ಲಿದ್ದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ, ಆದ್ದರಿಂದ ತಿಂಗಳ ನಡುವೆ ಒಮ್ಮೆ ಮೀಟರ್ ಓದಿಕೊಳ್ಳಿ.