ಅಂತರಸಂತೆ ಹತ್ತಿರದ ಆ ಹೊಲ ಯಾರದು?

ಮೊನ್ನೆ ಅಂತರಸಂತೆ ದಾಟುವಾಗ ರಸ್ತೆ ಪಕ್ಕದ ಶುಂಠಿ ಹೊಲ ತೋರಿಸಿ ‘ಇದು ಯಾರದು?’ ಅಂತ ಕೇಳಿದಿರಿ. ನಾನು ತಡವರಿಸಿದೆ. ಆ ಹೊಲ ನಮ್ಮ ಮನೆಯದೇ. ಆದರೆ ನಮ್ಮ ಎಚ್.ಡಿ. ಕೋಟೆ ಸೀಮೆಯಲ್ಲಿ ಈ ಪ್ರಶ್ನೆಗೆ ಒಂದೇ ಹೆಸರು ಹೇಳಿ ಮುಗಿಸುವುದು ಕಷ್ಟ.

ಪಹಣಿ, ಅಂದರೆ ಹೊಲದ ಸರ್ಕಾರಿ ದಾಖಲೆ, ತೀರಿಹೋದ ನಮ್ಮ ತಾತನ ಹೆಸರಿನಲ್ಲಿದೆ. ಉಳುತ್ತಿದ್ದವರು ಚಿಕ್ಕಪ್ಪ. ಈಗ ಶುಂಠಿ ಹಾಕಿರುವವರು ಗಡಿಯಾಚೆ ವಯನಾಡಿನವರು. ಬದುವಿನ ಹುಣಸೆಮರ ಮಾತ್ರ ಅಣ್ಣತಮ್ಮಂದಿರು ಮೂವರದೂ. ಹೊಲ ಬಾಯಿಮಾತಿನಲ್ಲಿ ಭಾಗವಾಯಿತು, ಮರ ಆಗಲಿಲ್ಲ. ಹಣ್ಣು ಬಡಿದ ದಿನ ಮೂರು ಗುಡ್ಡೆ ಹಾಕುತ್ತಾರೆ, ಅಷ್ಟೇ. ಹಸುವಿಗೂ ಹೀಗೇ ಒಂದು ಲೆಕ್ಕ ಇದೆ. ಪಾಲಿಗೆ ಕೊಟ್ಟರೆ ಸಾಕುವವರಿಗೆ ಹಾಲು, ಕರುವಿನಲ್ಲಿ ಇಬ್ಬರಿಗೂ ಪಾಲು.

ಶುಂಠಿಯವರು ಒಂದೇ ನೆಲದಲ್ಲಿ ಉಳಿಯುವುದಿಲ್ಲ. ಮರುವರ್ಷ ಅಲ್ಲೇ ಹಾಕಿದರೆ ಗೆಡ್ಡೆಗೆ ಕೊಳೆ ರೋಗ ಬರುತ್ತದೆ. ಹಾಗಾಗಿ ಎಕರೆಗೆ ಇಷ್ಟು ಅಂತ ಮಾತಾಡಿ, ಬೆಳೆ ತೆಗೆದು, ಬೇರೆ ಹೊಲ ಹುಡುಕುತ್ತಾರೆ. ಜಾಸ್ತಿ ವ್ಯವಹಾರ ನಂಬಿಕೆ ಮೇಲೆಯೇ. ಕಾಗದಕ್ಕೆ ನಮ್ಮವರು ಹೆದರುವುದಕ್ಕೆ ಕಾರಣ ಇದೆ. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ಬಂದಾಗ ಗೇಣಿ ಹೋಯಿತು, ಅರ್ಜಿ ಹಾಕಿದ ಎಷ್ಟೋ ಗೇಣಿದಾರರು ಒಡೆಯರಾದರು. ಅದು ನ್ಯಾಯವೇ. ಆದರೆ ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಎರಡೆಕರೆಯವನ ಎದೆಯಲ್ಲೂ ಉಳಿದುಬಿಟ್ಟಿತು. ಬೇರೆಯವರು ನಾಲ್ಕು ವರ್ಷ ಸತತ ಉಳುಮೆ ಮಾಡಿದರೆ ಇವತ್ತಿಗೂ ಅವನಿಗೆ ನಿದ್ದೆ ಬರುವುದಿಲ್ಲ.

ಇಷ್ಟು ಜನರ ಲೆಕ್ಕ ಹೇಳಿದೆ, ನಮ್ಮ ಅತ್ತೆಯದು ಹೇಳಲಿಲ್ಲ ಅಲ್ವಾ? ಊರಲ್ಲಿ ಯಾರನ್ನು ಕೇಳಿದರೂ ಹೇಳುವುದಿಲ್ಲ. ಅಪ್ಪನ ಅಕ್ಕ ಅವರು, ಸರಗೂರಿಗೆ ಕೊಟ್ಟಿದ್ದಾರೆ. ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಹೋದ ತಾತನ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು ಅಂದರೆ, ವಂಶವೃಕ್ಷದಲ್ಲಿ ಅವರ ಹೆಸರೂ ಬರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಪಾಲು ಅನ್ನುತ್ತದೆ. ಮನೆಯ ಹಿರಿಯರು ‘ಮದುವೆಯಲ್ಲಿ ಕೊಟ್ಟಾಯಿತಲ್ಲ, ಹಕ್ಕು ಬಿಟ್ಟು ಸಹಿ ಹಾಕಲಿ’ ಅನ್ನುತ್ತಾರೆ. ಪಹಣಿ ತಾತನ ಹೆಸರಿನಲ್ಲೇ ನಿಂತಿರುವುದು ಇದಕ್ಕೇ. ಬೆಳೆ ಸಾಲಕ್ಕೆ ಹೋದರೆ ವಾಪಸ್ ಕಳಿಸುತ್ತಾರೆ.

ಅತ್ತೆ ಸಹಿ ಹಾಕಲು ಸಿದ್ಧ. ಅವರ ಹೆದರಿಕೆ ಒಂದೇ: ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ನಿಂತುಹೋಗುತ್ತದೆ. ಅರ್ಧ ಎಕರೆಗಿಂತ ಆ ಮೊರ ಅವರಿಗೆ ದೊಡ್ಡದು. ನನಗೆ ಇದು ಸಹಿಸಲು ಆಗುವುದಿಲ್ಲ. ತಾತನ ಕಾಲದಲ್ಲಿ ಆ ಹೊಲದಲ್ಲಿ ರಾಗಿ ಪೈರು ನೆಟ್ಟವರು, ಕಳೆ ಕಿತ್ತವರು ಅವರೇ.

ಸಹಿ ಹಾಕಬೇಡಿ ಅಂತ ಎರಡು ಸಲ ಹೇಳಿದ್ದೇನೆ. ಈ ಸಲ ಬಾಗಿನ ನಾನೇ ತಗೊಂಡು ಹೋಗುತ್ತೇನೆ. ಜೊತೆಗೆ ಪಹಣಿಯ ಪ್ರತಿಯನ್ನೂ.