ಹೌರಾ ಸೇತುವೆಗೆ ನದಿಯೊಳಗೆ ಕಂಬವೇಕಿಲ್ಲ?

ಭೂಗೋಳ ಕಲಿಸಿ ನಿವೃತ್ತರಾದ ದಾವಣಗೆರೆಯ ಉಪಾಧ್ಯಾಯರೊಬ್ಬರು ಕೋಲ್ಕತ್ತಾ ಪ್ರವಾಸ ಮುಗಿಸಿ ಬಂದು ಬರೆದಿದ್ದಾರೆ: “ಹೂಗ್ಲಿಯ ನಡುವೆ ನಾಲ್ಕು ಕಂಬ ನಿಲ್ಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅಷ್ಟೊಂದು ಉಕ್ಕು ಸುರಿದದ್ದು ಬ್ರಿಟಿಷರ ದರ್ಪವಲ್ಲವೇ? ನೀವು ಅದನ್ನು ಹೊಗಳುವುದೇಕೆ?”

ಮಾನ್ಯರೇ,

ದರ್ಪದ ಮಾತನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ವಸಾಹತು ಸರ್ಕಾರ ಕಟ್ಟಿಸಿದ್ದರಲ್ಲೆಲ್ಲ ಅದು ಒಂದಿಷ್ಟು ಇದ್ದೇ ಇತ್ತು. ಆದರೆ ಭೂಗೋಳ ಕಲಿಸಿದ ತಾವು ಸೇತುವೆಯ ಮೇಲಿನ ವಾಹನಗಳನ್ನು ಕಂಡು, ಕೆಳಗಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಂದಿರಲ್ಲ ಎಂಬುದೇ ನನ್ನ ಬೇಸರ.

ಗಂಗೆಯ ಕವಲಾದ ಹೂಗ್ಲಿ ದಿನವೂ ಉಬ್ಬರವಿಳಿತ ಕಾಣುವ, ಹೊರೆಗಟ್ಟಲೆ ಹೂಳು ಹೊರುವ ನದಿ. ದಡದುದ್ದಕ್ಕೂ ಸೆಣಬಿನ ಗಿರಣಿಗಳು, ನೀರಿನ ಮೇಲೆ ಸರಕಿನ ಹಡಗುಗಳು. ಅಂಥ ಕಡೆ ಕಂಬ ನಿಲ್ಲಿಸಿದರೆ ಅದರ ಆಸರೆಯಲ್ಲಿ ನೀರಿನ ಸೆಳೆತ ತಗ್ಗುತ್ತದೆ, ಹೂಳು ಕೂರುತ್ತದೆ, ಹಡಗಿನ ದಾರಿ ಕೆಡುತ್ತದೆ. ಈ ಕಾರಣಕ್ಕೇ ಮೊದಲು ಬಂದದ್ದು ತೇಲುವ ಸೇತುವೆ. ಎಂಜಿನಿಯರ್ ಬ್ರಾಡ್‌ಫರ್ಡ್ ಲೆಸ್ಲಿ ದೋಣಿಯಂಥ ತೇಲುಗಳ ಮೇಲೆ ಹಲಗೆ ಹಾಸಿ 1874ರಲ್ಲಿ ಅದನ್ನು ಮುಗಿಸಿದರು. ಅದೇ ವರ್ಷದ ಮಾರ್ಚ್‌ನ ಬಿರುಗಾಳಿಯಲ್ಲಿ ‘ಈಜೀರಿಯಾ’ ಎಂಬ ಹಡಗು ಲಂಗರು ಕಿತ್ತುಕೊಂಡು ಬಂದು ಬಡಿದು, ಮೂರು ತೇಲುಗಳನ್ನು ಮುಳುಗಿಸಿತ್ತು. ಹಡಗು ಬಂದಾಗ ನಡುವಿನ 200 ಅಡಿಯ ತುಂಡನ್ನು ಸರಿಸಿ ದಾರಿ ಬಿಡುತ್ತಿದ್ದರು. ಅಷ್ಟು ಹೊತ್ತೂ ಗಾಡಿಗಳು ಎರಡೂ ದಡದಲ್ಲಿ ಕಾಯಬೇಕಿತ್ತು. 1906ರಲ್ಲಿ ಎಣಿಸಿದಾಗ ಪ್ರತಿ ಹದಿಮೂರು ವಾಹನಗಳಲ್ಲಿ ಎಂಟು ಎತ್ತಿನ ಗಾಡಿಗಳೇ. ನೀರು ಇಳಿದಾಗ ಸೇತುವೆಯ ತುದಿಗಳು ಕಡಿದಾದ ಇಳಿಜಾರಾಗುತ್ತಿದ್ದವು. ಮೂಟೆ ಹೇರಿದ ಗಾಡಿಯನ್ನು ಅಲ್ಲಿ ಹತ್ತಿಸುವಾಗ ಎತ್ತುಗಳು ಪಟ್ಟ ಪಾಡನ್ನು ಊಹಿಸಿಕೊಳ್ಳಿ.

ಜನರೂ ಕಾಯಬಾರದು, ಹಡಗೂ ನಿಲ್ಲಬಾರದು ಎಂದಾಗ ಉಳಿದದ್ದು ಒಂದೇ ದಾರಿ: ಎರಡು ದಡಗಳಿಂದ ಉಕ್ಕಿನ ತೋಳುಗಳನ್ನು ಚಾಚಿ ನಡುವೆ ಕೂಡಿಸುವುದು. ನಡುವಿನ ಅಂತರ 457 ಮೀಟರ್. ಅಡಿಪಾಯಕ್ಕಾಗಿ ಬಾವಿಯಂಥ ಭಾರಿ ಕೋಶಗಳನ್ನು ದಡದ ನೆಲದೊಳಕ್ಕೆ ಇಳಿಸುತ್ತಿದ್ದ ಒಂದು ರಾತ್ರಿ, ಅಡಿಯ ಮಣ್ಣು ಕುಸಿದು ಇಡೀ ರಾಶಿ ಒಮ್ಮೆಲೇ ಎರಡು ಅಡಿ ಜಾರಿತಂತೆ. ಆ ಅದುರು ಕೋಲ್ಕತ್ತಾದ ಖಿದಿರ್‌ಪುರದ ಭೂಕಂಪಮಾಪಕದಲ್ಲಿ ದಾಖಲಾಯಿತು, ದಡದ ಗುಡಿಯೊಂದು ಉರುಳಿತು. ಇನ್ನು ತಾವು ‘ಬ್ರಿಟಿಷರ ಉಕ್ಕು’ ಎಂದು ತಿಳಿದದ್ದರ ವಿಚಾರ. ಬಳಕೆಯಾದ 26,500 ಟನ್ನಿನಲ್ಲಿ ಬಹುಪಾಲು ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ ತಯಾರಾದದ್ದು. 1943ರ ಫೆಬ್ರವರಿ 3ರಂದು ಸೇತುವೆ ತೆರೆದಾಗ ಜಪಾನಿ ವಿಮಾನಗಳ ಭಯದಿಂದ ಸಮಾರಂಭವನ್ನೂ ಮಾಡಲಿಲ್ಲ. ದರ್ಪ ಮೆರೆಯುವವರು ಹಾಗೆ ಸದ್ದಿಲ್ಲದೆ ತೆರೆಯುತ್ತಾರೆಯೇ?

ನನಗೆ ಈ ವಿಷಯ ಇಷ್ಟು ಹತ್ತಿರವಾಗಲು ಕಾರಣವಿದೆ. ನಮ್ಮ ಸೋದರಮಾವ ಕರಾವಳಿಯ ಹೊಳೆಯೊಂದರಲ್ಲಿ ಮಚ್ವೆ ಎಂಬ ಹಾಯಿದೋಣಿಯಲ್ಲಿ ಹೆಂಚು ಸಾಗಿಸುತ್ತಿದ್ದರು. ಅಳಿವೆಯ ಹತ್ತಿರ ತಗ್ಗಿನ ಸೇತುವೆ ಎದ್ದ ವರ್ಷ, ಹಾಯಿಕಂಬ ಕೆಳಗೆ ತೂರದೆ ಅವರು ದೋಣಿಯನ್ನು ದಡಕ್ಕೆ ಎಳೆದರು. ಮಳೆಗಾಲ ಎರಡು ಕಳೆಯುವಷ್ಟರಲ್ಲಿ ಅದರ ಹಲಗೆಗಳು ಬಿಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ. ಆ ನಕ್ಷೆ ಬರೆದವರು ರಸ್ತೆಯ ಲಾರಿಗಳನ್ನು ಎಣಿಸಿದ್ದರು, ಹೊಳೆಯ ದೋಣಿಗಳನ್ನು ಎಣಿಸಿರಲಿಲ್ಲ. ಇಂದಿಗೂ ಸೇತುವೆ ಉದ್ಘಾಟನೆಯ ಭಾಷಣಗಳಲ್ಲಿ ಉಳಿತಾಯವಾಗುವ ನಿಮಿಷಗಳ ಮಾತು ಕೇಳುತ್ತೇನೆಯೇ ಹೊರತು, ಕೆಳಗೆ ಯಾರು ಓಡಾಡುತ್ತಿದ್ದರೆಂಬ ಮಾತನ್ನು ಕೇಳಿಲ್ಲ. ಆದರೆ ಅದೇ ಗಂಗೆಗೆ ಬಿಹಾರದ ಮೊಕಾಮಾದಲ್ಲಿ ಸೇತುವೆ ಎಲ್ಲಿ ಬರಬೇಕೆಂದು ಸ್ಥಳ ಸೂಚಿಸಿದವರು ತೊಂಬತ್ತು ದಾಟಿದ್ದ ನಮ್ಮ ವಿಶ್ವೇಶ್ವರಯ್ಯನವರು. ಆ ವಯಸ್ಸಿನಲ್ಲೂ ಅವರು ನದಿ ಹರಿಯುವ ಪಾತ್ರವನ್ನು ಅಷ್ಟು ಮುಖ್ಯವೆಂದು ಬಗೆದಿದ್ದರು.

ಮತ್ತೊಮ್ಮೆ ಕೋಲ್ಕತ್ತಾಕ್ಕೆ ಹೋದರೆ ಹೌರಾ ನಿಲ್ದಾಣದೆದುರಿನ ಘಾಟಿನಲ್ಲಿ ಫೆರಿ ಹತ್ತಿ. ನಡುನೀರಿಗೆ ಬಂದಾಗ, ಮಲ್ಲಿಕ್ ಘಾಟಿನ ಹೂವಿನ ಸಂತೆಯ ಚೆಂಡುಹೂವಿನ ರಾಶಿಯಿಂದ ಕಣ್ಣು ಕಿತ್ತು, ತಲೆಯೆತ್ತಿ ಮೇಲೆ ನೋಡಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ